ಮೂಗಿಗೆ ತಿಳಿದ ನಿಲ್ದಾಣಗಳು

ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೋಗುವ ಸ್ಲೋ ಲೋಕಲಿನಲ್ಲಿ, ಮೂವರಿಗೆಂದು ಮಾಡಿದ ಬೆಂಚಿನ ತುದಿಗೆ ನಾಲ್ಕನೆಯವನಾಗಿ ಸೇರಿಕೊಂಡು, ಅರ್ಧ ಶರೀರವನ್ನು ಹಲಗೆಯ ಮೇಲೂ ಉಳಿದರ್ಧವನ್ನು ದೈವದ ಮೇಲೂ ಹಾಕಿ ಕುಳಿತ ಮನುಷ್ಯನೊಬ್ಬನು, ಗದ್ದವನ್ನು ಎದೆಗೆ ತಾಗಿಸಿ ಸಮಸ್ತ ಲೋಕವ್ಯಾಪಾರವನ್ನೂ ಮರೆತವನಂತೆ ತೂಕಡಿಸುತ್ತಿದ್ದು, ಗಾಡಿಯು ಬಾಂದ್ರಾ ಬಿಟ್ಟು ಮಾಹಿಮ್ ಖಾಡಿಯ ಸೇತುವೆಗೆ ಬಂದ ಕ್ಷಣದಲ್ಲಿ, ಯಾರೂ ಅಲುಗಿಸದೆ, ಯಾರೂ ಕೂಗದೆ, ಮೂಗನ್ನೊಮ್ಮೆ ಸುಕ್ಕಿಸಿ ಕಣ್ಣು ತೆರೆಯುವುದನ್ನು ನೋಡಿದವರಿಗೆ ಅದೊಂದು ಸಣ್ಣ ಪವಾಡದಂತೆ ತೋರೀತು. ಇನ್ನು ಮಾಹಿಮ್, ಮಾಟುಂಗಾ ರೋಡ್, ಮೂರನೆಯದು ದಾದರ್. ಎದ್ದು ಬಾಗಿಲ ಕಡೆಗೆ ಸರಿಯತೊಡಗಲು ಇದೇ ಸಮಯ. ಮುಂಬಯಿಯ ಜನ ‘ಫೋರ್ತ್ ಸೀಟ್’ ಎಂದು ಕರೆಯುವ ಆ ಅಂಗೈಯಗಲದ ಸಿಂಹಾಸನದಲ್ಲಿ 27 ವರ್ಷ ಕುಳಿತವನು ಬೇರಾರೂ ಅಲ್ಲದೆ ನಾನೇ ಆಗಿರುವುದರಿಂದ, ಪವಾಡವೇನೂ ಇದರಲ್ಲಿಲ್ಲವೆಂದೂ, ಕಣ್ಣು ಕಿವಿಗಳೆರಡೂ ನಿದ್ರಿಸುತ್ತಿದ್ದಾಗ ಮೂಗೆಂಬ ಗುಮಾಸ್ತನು ಮಾತ್ರ ತನ್ನ ದಫ್ತರವನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದನೆಂದೂ ಹೇಳಬಲ್ಲೆನು.

ನಮ್ಮ ಪೂರ್ವಿಕರು ಈ ಗುಮಾಸ್ತನಿಗೆ ತಕ್ಕ ಸಂಬಳ ಕೊಟ್ಟಂತೆ ಕಾಣುವುದಿಲ್ಲ. ವೈಶೇಷಿಕರು ಗಂಧವನ್ನು ಪೃಥಿವಿಯ ವಿಶೇಷ ಗುಣವೆಂದು ಒಪ್ಪಿಕೊಂಡರೂ, ರೂಪಕ್ಕೆ ಏಳು ಭೇದಗಳನ್ನೂ ರಸಕ್ಕೆ ಆರನ್ನೂ ಎಣಿಸಿದವರು ಗಂಧದ ಸರದಿ ಬಂದಾಗ ಸುರಭಿ, ಅಸುರಭಿ ಎಂಬ ಎರಡೇ ಮಾತಿನಲ್ಲಿ ಅದನ್ನು ಮುಗಿಸಿಬಿಟ್ಟರು. ಲೋಕಲಿನ ಪಾಸು ಪಡೆದು ಒಂದು ವಾರ ಓಡಾಡಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲವೆಂದು ನನ್ನ ನಂಬಿಕೆ. 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಲಿಯ ಮೂಗಿನಲ್ಲಿ ಗಂಧಗ್ರಾಹಕಗಳನ್ನು ನಿರ್ಮಿಸುವ ಜೀನುಗಳ ಒಂದು ಮಹಾಕುಟುಂಬವನ್ನೇ ಪತ್ತೆಹಚ್ಚಿದ ಮೇಲೆ, ಮತ್ತು ಆ ಶೋಧಕ್ಕೆ 2004ರಲ್ಲಿ ನೊಬೆಲ್ ಪಾರಿತೋಷಿಕ ಸಂದ ಮೇಲೆ, ಲೆಕ್ಕವು ತಲೆಕೆಳಗಾಯಿತು. ನಾವು ಕಾಣುವ ಸಮಸ್ತ ವರ್ಣವೈಭವವೂ ಕಣ್ಣಿನೊಳಗಿರುವ ಮೂರೇ ಬಗೆಯ ಶಂಕುಕೋಶಗಳ ಕೆಲಸವಾಗಿದ್ದರೆ, ಮನುಷ್ಯನ ಮೂಗಿನಲ್ಲಿರುವ ಗ್ರಾಹಕಗಳು ಸುಮಾರು 400 ಬಗೆಯವು. ಮೂಗಿನ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಎತ್ತರದಲ್ಲಿ, ಕೆಲವೇ ಚದರ ಸೆಂಟಿಮೀಟರಿನಷ್ಟು ಹರಡಿರುವ ತೇವದ ಪೊರೆಯೊಂದರಲ್ಲಿ ಲಕ್ಷಾಂತರ ನರಕೋಶಗಳು ತಮ್ಮ ಸೂಕ್ಷ್ಮ ರೋಮಗಳನ್ನು ಲೋಳೆಯೊಳಗೆ ಇಳಿಬಿಟ್ಟುಕೊಂಡಿವೆ. ಒಂದೊಂದು ಕೋಶವೂ ಒಂದೇ ಬಗೆಯ ಗ್ರಾಹಕವನ್ನು ಹೊತ್ತಿದೆ. ಗಾಳಿಯಲ್ಲಿ ತೇಲಿ ಬಂದ ಅಣುವೊಂದು ಲೋಳೆಯಲ್ಲಿ ಕರಗಿ ಗ್ರಾಹಕಕ್ಕೆ ಕೂಡಿಕೊಂಡರೆ, ಕೋಶದ ಪೊರೆಯಲ್ಲಿನ ಬಾಗಿಲುಗಳು ತೆರೆದು ಸೋಡಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿ, ವಿದ್ಯುತ್ಸಂಕೇತವೊಂದು ಮೆದುಳಿಗೆ ಓಡುತ್ತದೆ. ಒಂದೇ ಅಣು ಹಲವು ಗ್ರಾಹಕಗಳನ್ನು ಮೀಟುವುದುಂಟು, ಒಂದೇ ಗ್ರಾಹಕವು ಹಲವು ಅಣುಗಳಿಗೆ ಓಗೊಡುವುದುಂಟು; ಆದುದರಿಂದ ವಾಸನೆಯೆಂಬುದು ಒಂಟಿ ಸ್ವರವಲ್ಲ, ಹಾರ್ಮೋನಿಯಮ್ಮಿನ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಾಗ ಹೊರಡುವ ನಾದ. ಇತರ ಇಂದ್ರಿಯಗಳ ವರದಿಗಳೆಲ್ಲ ಥಲಾಮಸ್ ಎಂಬ ಕೇಂದ್ರ ಕಚೇರಿಯ ಮೂಲಕವೇ ಮೆದುಳಿನ ಮೇಲ್ಪದರಕ್ಕೆ ಹೋಗಬೇಕಾಗಿದ್ದರೆ, ಘ್ರಾಣದ ವರದಿ ಮಾತ್ರ ಆ ಕಚೇರಿಯ ಮೊಹರಿಗೆ ಕಾಯದೆ, ಭಾವನೆ ಮತ್ತು ಸ್ಮರಣೆಗಳ ನೆಲೆಗಳಿಗೆ ನೆಟ್ಟಗೆ ನುಗ್ಗುತ್ತದೆ.

ಆದರೆ ಈ ಗುಮಾಸ್ತನಲ್ಲಿ ಒಂದು ವಿಚಿತ್ರ ಗುಣವಿದೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಅದರ ಸುತ್ತಲೇ ಸುಳಿಯುತ್ತದೆ. ಇರುವುದನ್ನು ಅವನು ಬರೆಯುವುದಿಲ್ಲ. ಬದಲಾದುದನ್ನು ಮಾತ್ರ ಬರೆಯುತ್ತಾನೆ. ಒಳನುಗ್ಗಿದ ಕ್ಯಾಲ್ಸಿಯಮ್ಮೇ ತಾನು ಬಂದ ಬಾಗಿಲನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆಯಾಗಿ, ಅದೇ ವಾಸನೆ ಮತ್ತೆ ಮತ್ತೆ ಬಂದು ತಟ್ಟಿದರೂ ಕೋಶವು ಕೆಲವೇ ಕ್ಷಣಗಳಲ್ಲಿ ಮಂದವಾಗುತ್ತದೆ. ಮೆದುಳೂ ತನ್ನ ಮಟ್ಟದಲ್ಲಿ, ‘ಇದು ಗೊತ್ತಿದ್ದ ಸಂಗತಿ’ ಎಂದು ಕಡತವನ್ನು ಮುಚ್ಚುತ್ತದೆ. ಅತ್ತರಿನ ಅಂಗಡಿಯವನಿಗೆ ಅತ್ತರು ನಾರುವುದಿಲ್ಲ, ಚರ್ಮ ಹದಮಾಡುವವನಿಗೆ ಚರ್ಮ ನಾರುವುದಿಲ್ಲ. ಒಂದೇ ಕಡೆ ಕುಳಿತ ಮನುಷ್ಯನ ಮೂಗು ಹೀಗೆ ಬೇಗನೆ ಕಿವುಡಾಗುವುದಾದರೆ, ಎರಡು ಮೂರು ನಿಮಿಷಕ್ಕೊಮ್ಮೆ ಹೊಸ ಬಡಾವಣೆಯ ಗಾಳಿಯನ್ನು ಬಾಗಿಲಲ್ಲಿ ತುಂಬಿಸಿಕೊಳ್ಳುವ ಲೋಕಲು ಅದಕ್ಕೆ ಕಿವಿ ಹಿಂಡಿ ಪಾಠ ಹೇಳುವ ಶಾಲೆಯಾಗುತ್ತದೆ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಮೂಗಿನ ಈ ನರಕೋಶಗಳು, ದೇಹದ ಬೇರೆ ನರಕೋಶಗಳಂತಲ್ಲದೆ, ಒಂದೆರಡು ತಿಂಗಳಿಗೊಮ್ಮೆ ಸವೆದು ಹೊಸದಾಗಿ ಹುಟ್ಟುತ್ತಿರುತ್ತವೆ. ನನ್ನ ಪಾಸಿನ ಅವಧಿಯೂ ಹೆಚ್ಚುಕಡಮೆ ಅಷ್ಟೇ.

ಬೆಳಗಿನ ಡಬ್ಬಾ ಮತ್ತು ಸಂಜೆಯ ಡಬ್ಬಾ ಒಂದೇ ಲೋಹದ ಪೆಟ್ಟಿಗೆಯಾದರೂ ಮೂಗಿನ ಮಟ್ಟಿಗೆ ಎರಡು ಬೇರೆ ದೇಶಗಳು. ಬೆಳಗ್ಗೆ ಏಳೂವರೆಗೆ ಹತ್ತಿದರೆ ತೆಂಗಿನೆಣ್ಣೆ, ಮೈಸೋಪು, ಪೌಡರು, ಯಾರದೋ ಹಣೆಯ ವಿಭೂತಿ, ಇಸ್ತ್ರಿಯ ಬಿಸಿ ಇನ್ನೂ ಆರದ ಅಂಗಿಗಳು, ಮುಚ್ಚಳ ಸಡಿಲವಾದ ಬುತ್ತಿಯೊಂದರಿಂದ ಒಗ್ಗರಣೆಯ ಇಂಗು. ಸಂಜೆ ಏಳಕ್ಕೆ ಅದೇ ಜನ, ಅದೇ ಅಂಗಿಗಳು; ಗಾಳಿಗೆ ಮಾತ್ರ ಹುಳಿ ಬಂದಿರುತ್ತದೆ. ಇದಕ್ಕೆ ಬೆವರನ್ನು ದೂಷಿಸುವುದು ವಾಡಿಕೆ. ಆದರೆ ಬೆವರು ನಿರಪರಾಧಿ. ಚರ್ಮದಲ್ಲಿರುವ ಇಪ್ಪತ್ತು ಮೂವತ್ತು ಲಕ್ಷ ಸಾಮಾನ್ಯ ಸ್ವೇದಗ್ರಂಥಿಗಳು ಸುರಿಸುವುದು ಬಹುಮಟ್ಟಿಗೆ ಉಪ್ಪುನೀರು, ಅದಕ್ಕೆ ವಾಸನೆಯಿಲ್ಲ. ಕಂಕುಳಿನಲ್ಲಿರುವ, ಯೌವನದಲ್ಲಿ ಮಾತ್ರ ಎಚ್ಚರಗೊಳ್ಳುವ ಮತ್ತೊಂದು ಜಾತಿಯ ಗ್ರಂಥಿಗಳು ಒಸರುವ ಮಂದವಾದ ದ್ರವಕ್ಕೂ, ಅದು ಹೊಸದಾಗಿರುವಾಗ, ವಾಸನೆಯಿಲ್ಲ. ಅಲ್ಲಿ ಮನೆಮಾಡಿಕೊಂಡಿರುವ ಕೊರಿನೆಬ್ಯಾಕ್ಟೀರಿಯಂ ಮೊದಲಾದ ಸೂಕ್ಷ್ಮಾಣುಗಳು ಆ ದ್ರವವನ್ನು ಒಡೆದು ತಿಂದು, ಸುಲಭವಾಗಿ ಗಾಳಿಗೇರುವ ಹುಳಿ ಮೇದಾಮ್ಲಗಳನ್ನೂ ಗಂಧಕಯುಕ್ತವಾದ ಕೆಲವು ಅಣುಗಳನ್ನೂ ಎಂಜಲಾಗಿ ಬಿಡುತ್ತವೆ. ಪಾದರಕ್ಷೆಯೊಳಗೆ ನಡೆಯುವುದೂ ಇಂಥದೇ ಔತಣ, ಅಲ್ಲಿ ಉಳಿಯುವ ಐಸೊವ್ಯಾಲೆರಿಕ್ ಆಮ್ಲವೇ ಹಳೆಯ ಚೀಸಿಗೂ ತನ್ನ ಹೆಸರಾಂತ ಗಂಧವನ್ನು ಕೊಡುತ್ತದೆ. ಮೇಲಿನ ಹಿಡಿಕೆಯನ್ನು ಹಿಡಿಯಲು ಎಲ್ಲರೂ ತೋಳೆತ್ತಲೇಬೇಕಾದ ಸಂದರ್ಭದಲ್ಲಿ, ಎತ್ತರದಲ್ಲಿ ಸಾಧಾರಣನಾದ ನನ್ನಂಥವನು ಈ ಶಾಸ್ತ್ರವನ್ನು ಎಷ್ಟು ಸಮೀಪದಿಂದ ಅಭ್ಯಸಿಸಬೇಕಾಗಿ ಬಂದಿತೆಂಬುದನ್ನು ವಿಸ್ತರಿಸುವುದು ಬೇಡ. ಗಾಡಿ ಮಾಟುಂಗಾ ರೋಡ್ ದಾಟುವಷ್ಟರಲ್ಲಿ ಗುಮಾಸ್ತನು ಆ ಪುಟವನ್ನೂ ಮಡಿಸಿಟ್ಟಿರುತ್ತಿದ್ದನೆಂಬುದೊಂದೇ ಸಮಾಧಾನ.

ಮಡಿಸಿಡಲಾಗದ ಪುಟ ಉಸಿರುಕಟ್ಟಿನದು. ತುಂಬಿದ ಡಬ್ಬಾದಲ್ಲಿ ‘ಗಾಳಿಯೇ ಇಲ್ಲ’ ಎಂದು ಜನ ಚಡಪಡಿಸುವುದನ್ನು ಕೇಳಿದರೆ, ಆಮ್ಲಜನಕ ಮುಗಿದಿದೆ, ಅಥವಾ ಪರರ ನಿಶ್ವಾಸದಲ್ಲಿ ಯಾವುದೋ ವಿಷವಿದೆ, ಎಂದೇ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬ್ರೌನ್-ಸೆಕಾರನಂಥ ಹೆಸರಾಂತ ಶರೀರಶಾಸ್ತ್ರಜ್ಞನೂ ಅಂಥದೊಂದು ವಿಷವುಂಟೆಂದೇ ಸಾಧಿಸಹೊರಟಿದ್ದನು. 1905ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ, ಕಾರ್ಲ್ ಫ್ಲೂಗೆ ಎಂಬ ಆರೋಗ್ಯಶಾಸ್ತ್ರಜ್ಞನ ಬಳಗವು ಈ ವಾದವನ್ನು ಬಹು ಸರಳವಾದ ಉಪಾಯದಿಂದ ಪರೀಕ್ಷಿಸಿತು. ಮುಚ್ಚಿದ ಪುಟ್ಟ ಕೋಣೆಯೊಂದರಲ್ಲಿ ಮನುಷ್ಯನನ್ನು ಕೂರಿಸಿ, ಒಳಗಿನ ಗಾಳಿ ಬಿಸಿಯೇರಿ ತೇವದಿಂದ ಭಾರವಾಗುವವರೆಗೆ ಕಾದು, ಅವನು ತಲೆಸುತ್ತಿ ಬಳಲತೊಡಗಿದಾಗ, ಕೊಳವೆಯೊಂದರ ಮೂಲಕ ಹೊರಗಿನ ಶುದ್ಧ ವಾಯುವನ್ನು ಅವನ ಬಾಯಿಗೇ ಕೊಟ್ಟರು, ಉಪಶಮನವಾಗಲಿಲ್ಲ. ಅದೇ ಕೋಣೆಯ ‘ಕೆಟ್ಟ’ ಗಾಳಿಯನ್ನು ಇನ್ನೊಂದು ಕೊಳವೆಯಿಂದ ಹೊರಗೆ ನಿಂತವನು ಸೇವಿಸಿದನು. ಅವನಿಗೆ ಏನೂ ಆಗಲಿಲ್ಲ. ಆಮೇಲೆ ಕೋಣೆಯೊಳಗೊಂದು ಪಂಖವನ್ನು ತಿರುಗಿಸಿದರು. ಗಾಳಿ ಅದೇ, ಇಂಗಾಲಾಮ್ಲ ಅಷ್ಟೇ, ಆದರೆ ಒಳಗಿದ್ದವನು ಚೇತರಿಸಿಕೊಂಡನು. ಕಟ್ಟಿದ್ದು ಉಸಿರಲ್ಲ, ಚರ್ಮ. ಸುಮ್ಮನೆ ಕುಳಿತ ಮನುಷ್ಯನ ಮೈ 100 ವ್ಯಾಟಿನಷ್ಟು ಶಾಖವನ್ನು ಸದಾ ಹೊರಸೂಸುತ್ತದೆ. ಒಂದು ಡಬ್ಬಾದಲ್ಲಿ 300 ಮಂದಿಯೆಂದರೂ 30 ಕಿಲೋವ್ಯಾಟ್. ಬಚ್ಚಲುಮನೆಯ 15 ಗೀಸರುಗಳನ್ನು ಒಟ್ಟಿಗೆ ಹಚ್ಚಿಟ್ಟಂತೆ. ಒಂದು ಗ್ರಾಂ ಬೆವರು ಆವಿಯಾದರೆ ಮೈಯಿಂದ 580 ಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆಯಾದರೂ, ಸುತ್ತಣ ಗಾಳಿ ಆಗಲೇ ನೀರಿನಿಂದ ತುಂಬಿ ನಿಂತಿದ್ದರೆ ಆವಿಯಾಗುವುದೆಲ್ಲಿ? ಆ ನಿಂತ ಗಾಳಿಯ ಕಂಚುಕವನ್ನು ಕಿತ್ತೊಗೆಯುವುದೊಂದೇ ದಾರಿ. ಈ ತತ್ವವನ್ನು ಲೋಕಲಿನ ಜನ ಯಾವ ಬ್ರೆಸ್ಲಾವಿಗೂ ಹೋಗದೆ ಬಲ್ಲರು. ಹಳೆಯ ಡಬ್ಬಾಗಳಲ್ಲಿ ಛಾವಣಿಯ ಪಂಖವು ಮುನಿಸಿಕೊಂಡು ನಿಂತಿದ್ದಾಗ, ಕೆಳಗಿದ್ದವನು ಮಾತಿಲ್ಲದೆ ಜೇಬಿನಿಂದ ಬಾಚಣಿಗೆಯನ್ನು ತೆಗೆದು, ಜಾಲರಿಯ ಸಂದಿನಲ್ಲಿ ತೂರಿಸಿ, ರೆಕ್ಕೆಗೆ ಒಂದೇ ಒಂದು ಚಿಟಿಕೆ ಕೊಡುತ್ತಿದ್ದನು. ಪಂಖವು ಎರಡು ಬಾರಿ ಕೆಮ್ಮಿ ತಿರುಗತೊಡಗುತ್ತಿತ್ತು. ಹತ್ತು ಮುಖಗಳು ಒಟ್ಟಿಗೆ ಮೇಲೆದ್ದು ಕಣ್ಣು ಮುಚ್ಚುತ್ತಿದ್ದವು. ಬಾಚಣಿಗೆಯ ಒಡೆಯನು ತಲೆಯನ್ನೂ ಒಮ್ಮೆ ಬಾಚಿಕೊಂಡು ಅದನ್ನು ಜೇಬಿಗೆ ಸೇರಿಸುತ್ತಿದ್ದನು.

ಅಂಧೇರಿ ದಾಟಿದ ಮೇಲೆ ಬರುವ ವಿಲೇ ಪಾರ್ಲೆ ಬಹುಕಾಲದವರೆಗೆ ಕುರುಡನೂ ತಪ್ಪದೆ ಗುರುತಿಸಬಹುದಾಗಿದ್ದ ನಿಲ್ದಾಣ. ಅಲ್ಲಿ 1929ರಲ್ಲಿ ಸ್ಥಾಪಿತವಾಗಿ, ಊರಿನ ಹೆಸರನ್ನೇ ತನ್ನ ಹೆಸರಾಗಿ ತಳೆದ ಪಾರ್ಲೆ ಕಾರ್ಖಾನೆಯ ಒಲೆಗಳಿಂದ ಬಿಸ್ಕತ್ತು ಬೇಯುವ ಗಂಧವು ಹಳಿಗಳ ಮೇಲೆ ಹಾಸಿಕೊಂಡಿರುತ್ತಿತ್ತು. ಬಾಗಿಲಲ್ಲಿ ಜೋತಾಡುವ ಹುಡುಗರು ಕೂಡ ಆ ಅರ್ಧ ನಿಮಿಷ ಜಗಳವನ್ನು ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. ಹಸಿ ಹಿಟ್ಟಿಗೆ ಈ ಗಂಧವಿಲ್ಲ, ಸಕ್ಕರೆಗೂ ಇಲ್ಲ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೇಯಾರ್ ಎಂಬ ವೈದ್ಯನು, ಸಕ್ಕರೆಯನ್ನೂ ಅಮಿನೋ ಆಮ್ಲಗಳನ್ನೂ ಕೂಡಿಸಿ ಕಾಯಿಸಿದರೆ ಕಂದುಬಣ್ಣವೇರುವುದನ್ನು ವರ್ಣಿಸಿದನು. ನಮ್ಮ ದೋಸೆಯ ಗರಿ, ಹುರಿದ ಕಾಫಿ ಬೀಜ, ಕೆಂಪಗೆ ಹುರಿದ ರವೆ ಎಲ್ಲವೂ ಆ ಒಂದು ಕ್ರಿಯೆಯ ಸಂತಾನ. ಅದು ಒಂದು ಕ್ರಿಯೆಯೆಂದು ಹೇಳುವುದೂ ತಪ್ಪೇ. ಒಂದರಿಂದೊಂದು ಕವಲೊಡೆಯುವ ನೂರಾರು ಕ್ರಿಯೆಗಳ ಅರಣ್ಯ ಅದು, ಮತ್ತು ಅದರೊಳಗಿಂದ ನೂರಾರು ಸುವಾಸಿತ ಅಣುಗಳು ಗಾಳಿಗೆ ಹಾರುತ್ತವೆ. ಅವುಗಳಲ್ಲಿ 2-ಅಸಿಟೈಲ್-1-ಪೈರೊಲಿನ್ ಎಂಬ ನಾಲಿಗೆ ತೊಡರುವ ಹೆಸರಿನ ಒಂದು ಅಣು ಬ್ರೆಡ್ಡಿನ ಹೊರಪದರದ ಪರಿಮಳಕ್ಕೂ ಬಾಸುಮತಿ ಅಕ್ಕಿಯ ಪರಿಮಳಕ್ಕೂ ಮುಖ್ಯ ಕಾರಣ; ನೀರಿನಲ್ಲಿ ಶತಕೋಟಿಗೆ ಒಂದಂಶಕ್ಕಿಂತ ಕಡಮೆಯಿದ್ದರೂ ಮೂಗು ಅದನ್ನು ಹಿಡಿಯುತ್ತದೆ. 2016ರಲ್ಲಿ ಆ ಕಾರ್ಖಾನೆ ಮುಚ್ಚಿತು. ಮುಚ್ಚಿದ ವರ್ಷ, ವಿಲೇ ಪಾರ್ಲೆಯಲ್ಲಿ ಇಳಿಯಬೇಕಾದ ನನ್ನ ಸಹಪ್ರಯಾಣಿಕರೊಬ್ಬರು, ಕಿಟಕಿಯ ಮಗ್ಗುಲಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತ, ವಾರದಲ್ಲಿ ಎರಡು ಬಾರಿ ಸಾಂತಾಕ್ರೂಜ್‌ವರೆಗೆ ಹೋಗಿ ಹಿಂದಿರುಗಿದರು. ಬದಲಾವಣೆಯನ್ನು ಬರೆಯುವ ಗುಮಾಸ್ತನಿಗೆ ಬಾರದಿದ್ದುದನ್ನು ಬರೆಯಲು ಬರುವುದಿಲ್ಲ.

ಇನ್ನು ಖಾಡಿ. ಮಿಠಿ ನದಿಯು ನಗರದ ಕೊಳಚೆಯನ್ನೆಲ್ಲ ಹೊತ್ತು ಸಮುದ್ರಕ್ಕೆ ಒಪ್ಪಿಸುವ ಈ ಅಳಿವೆಯ ತಳದಲ್ಲಿ ಕಪ್ಪು ಕೆಸರಿನ ದಪ್ಪ ಹಾಸೊಂದಿದೆ. ಆಮ್ಲಜನಕ ಇಳಿಯಲಾರದ ಆ ಕತ್ತಲೆಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು, ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನೇ ಉಸಿರಾಡಿ ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತವೆ. ಕೆಸರಿನ ಕಪ್ಪು ಬಣ್ಣವು ಅದೇ ಅನಿಲವು ಕಬ್ಬಿಣದೊಡನೆ ಕೂಡಿದ ಫಲ. ಸಮುದ್ರ ಇಳಿತದಲ್ಲಿದ್ದು ಕೆಸರು ಬಿಸಿಲಿಗೆ ಬಿದ್ದ ದಿನ ನನ್ನ ನಿದ್ರೆ ಸೇತುವೆಗಿಂತ ಮೊದಲೇ ಹಾರುತ್ತಿತ್ತು. ಭರತದ ದಿನ ಸೇತುವೆಯ ಆಚೆ ತುದಿಯಲ್ಲಿ. ಪಂಚಾಂಗ ನೋಡದೆ ತಿಥಿಯನ್ನು ಅಂದಾಜು ಮಾಡುವ ವಿದ್ಯೆ ಹೀಗೂ ಬರುತ್ತದೆ. ಗಾಳಿಯ ಶತಕೋಟಿ ಅಂಶಗಳಲ್ಲಿ ಕೆಲವೇ ಅಂಶಗಳಷ್ಟಿದ್ದರೂ ಗುರುತಿಗೆ ಸಿಗುವ ಈ ಅನಿಲವು, ಹತ್ತು ಲಕ್ಷಕ್ಕೆ ನೂರು ಅಂಶದ ಮಟ್ಟ ಮುಟ್ಟಿದಾಗ ಮೂಗಿನ ಶಕ್ತಿಯನ್ನೇ ಉಡುಗಿಸುತ್ತದೆ. ವಾಸನೆ ಹೋಯಿತು, ಅಪಾಯ ಕಳೆಯಿತು ಎಂದು ಮನುಷ್ಯನು ಭಾವಿಸುವ ಹೊತ್ತಿಗೆ ಅಪಾಯವು ಮೈತುಂಬ ಇಳಿದಿರುತ್ತದೆ. ನಮ್ಮ ನಗರಗಳ ಒಳಚರಂಡಿಯ ಗುಂಡಿಗಳಿಗೆ ಮನುಷ್ಯರನ್ನು ಇಳಿಸಬಾರದೆಂದು ಕಾನೂನೇ ಇದ್ದರೂ ಇಳಿಸುತ್ತಲೇ ಇದ್ದೇವೆ. ಹಾಗೆ ಇಳಿದು ಮೇಲೆ ಬಾರದವರಲ್ಲಿ ಎಷ್ಟೋ ಮಂದಿಗೆ ಕೊನೆಯ ಗಳಿಗೆಯಲ್ಲಿ ಯಾವ ವಾಸನೆಯೂ ಬಂದಿರಲಾರದು. ಸೇತುವೆಯ ಮೇಲೆ ಕರವಸ್ತ್ರವನ್ನು ಮೂಗಿಗೊತ್ತಿಕೊಳ್ಳುವ ನಾವು, ಮೂಗು ಇನ್ನೂ ದೂರು ಹೇಳುತ್ತಿದೆಯೆಂಬುದೇ ಕ್ಷೇಮದ ಗುರುತೆಂದು ತಿಳಿಯುವುದಿಲ್ಲ.

ಖಾಡಿಯ ಗಾಳಿ ಹಿಂದೆ ಬಿದ್ದ ಮೇಲೆ, ಸರಕಿನ ಡಬ್ಬಾದಿಂದ ತೇಲಿ ಬರುವ ಇನ್ನೊಂದು ಗಂಧವು ಕೇಳಿಸುತ್ತದೆ (ವಾಸನೆಯನ್ನು ‘ಕೇಳಿಸುತ್ತದೆ’ ಎನ್ನುವುದು ಅಪಭ್ರಂಶವೇ ಇರಬಹುದು, ಆದರೆ ಈ ಸದ್ದಿನ ಊರಿನಲ್ಲಿ ಬೇರೆ ಕ್ರಿಯಾಪದ ನನಗೆ ತೋಚದು). ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರು, ಕಚ್ಚೆಯುಟ್ಟು, ಕಿವಿಯ ಚಿನ್ನ ಮಿರುಗಿಸುತ್ತ, ಮೀನಿನ ಬುಟ್ಟಿಗಳ ನಡುವೆ ನೆಲದ ಮೇಲೆಯೇ ಕುಳಿತಿರುತ್ತಾರೆ. ಎಲ್ಲರಿಗೂ ಅವರು ‘ಮಾವಶಿ’, ಎಂದರೆ ಚಿಕ್ಕಮ್ಮ. ದಾರಿ ಬಿಡಿ ಎಂದು ಅವರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಕಡಲಮೀನು ಉಪ್ಪುನೀರಿನ ಒತ್ತಡದೆದುರು ತನ್ನ ಕೋಶಗಳನ್ನು ಕಾಪಾಡಿಕೊಳ್ಳಲು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ನಿರ್ಗಂಧ ವಸ್ತುವನ್ನು ಮೈಯಲ್ಲಿ ಶೇಖರಿಸಿಕೊಂಡಿರುತ್ತದೆ. ಅದು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ವಸ್ತುವಿನಿಂದ ಆಮ್ಲಜನಕವನ್ನು ಕಸಿದುಕೊಳ್ಳಲಾಗಿ, ಉಳಿಯುವ ಟ್ರೈಮೀಥೈಲಮೀನ್ ‘ಮೀನು ವಾಸನೆ’ಯಾಗಿ ಹೊರಡುತ್ತದೆ. ಅದು ಕ್ಷಾರ. ಹುಳಿ ಸೋಕಿದರೆ ಲವಣವಾಗಿ, ಗಾಳಿಗೆ ಹಾರುವ ಶಕ್ತಿಯನ್ನು ಕಳೆದುಕೊಂಡು, ಕುಳಿತಲ್ಲೇ ಕುಳಿತುಬಿಡುತ್ತದೆ. ಕುಮಟೆಯ ಕಡೆಯ ನಮ್ಮ ಮನೆಯಲ್ಲಿ ತಾಯಿಯವರು ಬಂಗುಡೆಯನ್ನು ಕೊಯ್ದು ಮುಗಿಸಿದ ಮೇಲೆ ಕೈಗೆ ಹುಣಸೆಹಣ್ಣನ್ನು ತಿಕ್ಕಿ ತೊಳೆಯುತ್ತಿದ್ದುದೂ, ಸಾರಿಗೆ ಮುರುಗಲು ಸಿಪ್ಪೆ ಬೀಳದೆ ಒಲೆಯ ಮೇಲಿಂದ ಇಳಿಸಕೂಡದೆಂದು ಅಜ್ಜಿಯವರು ಗದರುತ್ತಿದ್ದುದೂ ಶುದ್ಧ ರಸಾಯನಶಾಸ್ತ್ರವೇ ಆಗಿದ್ದಿತು. ದಾದರಿನ ಆಫೀಸಿಗೆ ಹೋಗುವ ದಾರಿಯಲ್ಲಿ, ಯಾರೋ ಮಾವಶಿಯ ಬುಟ್ಟಿಯಿಂದ ಎದ್ದ ಒಂದು ಸುಳಿಗಾಳಿಯು ಹೇಳದೆ ಕೇಳದೆ ನನ್ನನ್ನು ಆ ಹಿತ್ತಿಲ ಕಲ್ಲಿನ ಬಳಿ ನಿಲ್ಲಿಸಿದಾಗ, ಥಲಾಮಸ್ಸಿನ ಮೊಹರಿಲ್ಲದ ಆ ಒಳದಾರಿಯ ಅರ್ಥ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯಿತು.

ದಾದರಿನಲ್ಲಿ ಇಳಿದರೆ ಹೂವಿನ ಪೇಟೆ. ಅದನ್ನು ಎಲ್ಲರೂ ಹೊಗಳುವರಾದ್ದರಿಂದ ಒಂದೇ ಮಾತು ಹೇಳಿ ಮುಂದೆ ಹೋಗುವೆನು. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ಅಣುವಿದೆ. ಅದೇ ಇಂಡೋಲ್ ಮಲದಲ್ಲಿಯೂ ಇದೆ. ತೆಳುವಾಗಿದ್ದಾಗ ಅದು ಹೂವು, ದಟ್ಟವಾದಾಗ ಹೇಸಿಗೆ. ಚೀಲಗಟ್ಟಲೆ ಮೊಗ್ಗು ಸುರಿದ ಅಂಗಡಿಯೊಳಗೆ ಮುಖವಿಟ್ಟು ನೋಡಿದರೆ ಈ ಎರಡರ ಗಡಿ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಸುರಭಿ ಅಸುರಭಿಗಳ ನಡುವೆ ಗೋಡೆ ಎಬ್ಬಿಸಿದವರಿಗೆ ಇದನ್ನು ತೋರಿಸಬೇಕಾಗಿತ್ತು.

ಮೂಗೊಂದೇ ಹೀಗೆ ಬದಲಾವಣೆಯ ದಫ್ತರವನ್ನು ಇಡುವುದೆಂದು ಭಾವಿಸಬೇಕಾಗಿಲ್ಲ. ಒಳಗಿವಿಯಲ್ಲಿ, ಶ್ರವಣಕ್ಕೆ ಸಂಬಂಧವೇ ಇಲ್ಲದ ಮತ್ತೊಂದು ಯಂತ್ರವಿದೆ: ಒಂದಕ್ಕೊಂದು ಲಂಬವಾಗಿ ಬಾಗಿದ ಮೂರು ಅರೆವೃತ್ತದ ನಾಳಗಳು, ಅವುಗಳ ಬುಡದಲ್ಲಿ ಸುಣ್ಣದ ಹರಳುಗಳನ್ನು ಹೊತ್ತ ಎರಡು ಪುಟ್ಟ ಚೀಲಗಳು. ತಲೆಯನ್ನು ತಿರುಗಿಸಿದಾಗ ನಾಳದೊಳಗಿನ ದ್ರವವು ಹಿಂದುಳಿದು ರೋಮಗಳನ್ನು ಬಾಗಿಸುತ್ತದೆ. ಗಾಡಿ ಹೊರಟಾಗ, ನಿಂತಾಗ, ಹರಳುಗಳು ಜಾರಿ ಸುದ್ದಿ ಕೊಡುತ್ತವೆ. ಸಮವೇಗದಲ್ಲಿ ನೆಟ್ಟಗೆ ಓಡುತ್ತಿರುವ ಗಾಡಿಯ ಬಗ್ಗೆ ಮಾತ್ರ ಅವು ಏನನ್ನೂ ಹೇಳಲಾರವು. ಪಕ್ಕದ ಹಳಿಯ ಮೇಲೆ ನಿಂತ ಲೋಕಲು ಮೆಲ್ಲನೆ ಕದಲಿದಾಗ, ಕದಲಿದುದು ನಮ್ಮದೇ ಗಾಡಿಯೆಂದು ಎದೆ ಝಲ್ಲೆನ್ನುವುದೂ, ಕಿಟಕಿಯಾಚೆಯ ಕಂಬವನ್ನು ಹುಡುಕಿ ಕಣ್ಣು ಸಾಕ್ಷಿ ಕೇಳುವುದೂ ಇದರಿಂದಲೇ. ರೈಲು ಈ ಯಂತ್ರದ ಗುಟ್ಟನ್ನು ಬಯಲುಮಾಡಿದುದಕ್ಕೆ ಇತಿಹಾಸವೂ ಇದೆ. ಆಸ್ಟ್ರಿಯಾದ ಭೌತವಿಜ್ಞಾನಿ ಎರ್ನ್ಸ್ಟ್ ಮಾಖ್, ಶಬ್ದವೇಗದ ಲೆಕ್ಕದಲ್ಲಿ ಇಂದೂ ಯಾರ ಹೆಸರನ್ನು ವಿಮಾನದವರು ಜಪಿಸುತ್ತಾರೋ ಅವನೇ, ಒಮ್ಮೆ ರೈಲಿನಲ್ಲಿ ತಿರುವೊಂದನ್ನು ದಾಟುತ್ತಿದ್ದಾಗ ಹೊರಗಿನ ಮರಗಳೂ ಮನೆಗಳೂ ಕಾರ್ಖಾನೆಯ ಹೊಗೆಗೊಳವೆಗಳೂ ಒಟ್ಟಿಗೆ ವಾಲಿ ನಿಂತಿರುವುದನ್ನು ಕಂಡನು. ವಾಲಿದ್ದುದು ಗಾಡಿ, ತಿರುವಿನಲ್ಲಿ ಹೊರಹಳಿಯನ್ನು ಎತ್ತರಿಸಿರುವರಾದ್ದರಿಂದ ಗುರುತ್ವವೂ ತಿರುವಿನ ಸೆಳೆತವೂ ಕೂಡಿ ಗಾಡಿಯ ನೆಲಕ್ಕೆ ಲಂಬವಾಗುತ್ತವೆ, ಶರೀರವು ಆ ಕೂಡಿದ ಬಲವನ್ನೇ ‘ಕೆಳಗೆ’ ಎಂದು ನಂಬುತ್ತದೆ. ಆ ಒಂದು ನೋಟದ ಜಾಡು ಹಿಡಿದು ಮಾಖ್ 1875ರಲ್ಲಿ ಚಲನಸಂವೇದನೆಯ ಮೇಲೆ ಗ್ರಂಥವನ್ನೇ ಬರೆದನು. ಅವನಿಗೆ ಕಿಟಕಿಯ ಸೀಟು ಸಿಕ್ಕಿತ್ತು, ಅದನ್ನು ಮರೆಯಬಾರದು.

ಚರ್ಮದ ವ್ಯವಹಾರವೂ ಇದೇ. ಮಲಾಡಿನಲ್ಲಿ ಹತ್ತಿದ ಅಪರಿಚಿತನೊಬ್ಬನ ಮೊಣಕೈ ನನ್ನ ಪಕ್ಕೆಲುಬಿಗೆ ಊರಿದಾಗ ಸಿಟ್ಟು ಬರುತ್ತದೆ. ಗೋರೆಗಾಂವಿನಲ್ಲಿ ಅದು ಇದೆಯೆಂಬುದು ತಿಳಿದಿರುತ್ತದೆ. ಜೋಗೇಶ್ವರಿಯ ಹೊತ್ತಿಗೆ ಅದು ನನ್ನದೇ ಅಂಗವಾಗಿರುತ್ತದೆ. ಒತ್ತಡವನ್ನು ಅರಿಯುವ ನರತುದಿಗಳಲ್ಲಿ ಹಲವು ಒತ್ತಿದಾಗೊಮ್ಮೆ, ಬಿಟ್ಟಾಗೊಮ್ಮೆ ಕೂಗಿ ನಡುವೆ ಸುಮ್ಮನಿರುವಂಥವು. ಅಂಧೇರಿಯಲ್ಲಿ ಆ ಮನುಷ್ಯನು ಇಳಿದುಹೋದಾಗ, ಅವನ ಮೊಣಕೈ ಇದ್ದ ರೂಪಾಯಿಯಗಲದ ಜಾಗದಲ್ಲಿ, ಒದ್ದೆಯಾದ ಅಂಗಿಯ ಮೇಲೆ ಗಾಳಿ ತಾಗಿ ತಣ್ಣಗಾಗುವುದೇ ಅವನ ಬಗ್ಗೆ ನನಗೆ ಉಳಿಯುವ ಸ್ಪಷ್ಟವಾದ ನೆನಪು.

ಜೂನ್ ತಿಂಗಳ ಮೊದಲ ಮಳೆಯ ದಿನ ಇಡೀ ಗಾಡಿಯೇ ಮೂಗಾಗುತ್ತದೆ. ನೀರಿಗೆ ಗಂಧವಿಲ್ಲ, ಗಂಧ ಪೃಥಿವಿಯದೇ ಎಂಬ ವೈಶೇಷಿಕರ ಮಾತು ಆ ದಿನ ಹಳಿಯುದ್ದಕ್ಕೂ ಗೆಲ್ಲುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, ಒಣಗಿದ ಕಲ್ಲುಮಣ್ಣುಗಳು ಹೀರಿಟ್ಟುಕೊಂಡ ತೈಲವೊಂದು ತೇವದಿಂದ ಬಿಡುಗಡೆಯಾಗುವುದೇ ಈ ಕಂಪಿಗೆ ಮೂಲವೆಂದು ತೋರಿಸಿ, ಅದಕ್ಕೆ ‘ಪೆಟ್ರಿಕೋರ್’ ಎಂಬ ಹೆಸರನ್ನಿಟ್ಟರು. ಕನೌಜಿನ ಅತ್ತರು ಕಾಸುವವರು ಅದಕ್ಕೂ ಬಹು ಹಿಂದಿನಿಂದ ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ ಅದೇ ಕಂಪನ್ನು ಶೀಶೆಗೆ ತುಂಬುತ್ತಿದ್ದರು. ಅದರ ಜೊತೆಗೆ ಮಣ್ಣಿನ ಸೂಕ್ಷ್ಮಾಣುಗಳು ಹಡೆದ ಜಿಯೋಸ್ಮಿನ್ ಇದೆ, ಲಕ್ಷಕೋಟಿಗೆ ಕೆಲವೇ ಅಂಶಗಳಿದ್ದರೂ ಮನುಷ್ಯನ ಮೂಗು ಅದನ್ನು ಅರಿಯಬಲ್ಲುದು. 2015ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಅತಿವೇಗದ ಕ್ಯಾಮರಾದಿಂದ ಚಿತ್ರಿಸಿದಂತೆ, ಮಳೆಹನಿ ನೆಲಕ್ಕೆ ಬಿದ್ದಾಗ ಅದರಡಿ ಸಿಕ್ಕಿಬಿದ್ದ ಗಾಳಿಯು ಗುಳ್ಳೆಗಳಾಗಿ ಮೇಲೆದ್ದು, ಸೋಡಾದ ನೊರೆ ಸಿಡಿದಂತೆ ಸಿಡಿದು, ಮಣ್ಣಿನ ಕಂಪನ್ನು ಸಣ್ಣ ತುಂತುರುಗಳಾಗಿ ಗಾಳಿಗೆ ಎರಚುತ್ತದೆ. ಜಲ್ಲಿಯ ಹಾಸಿನ ಮೇಲೆ ಎಷ್ಟೋ ತಿಂಗಳ ಧೂಳು, ಎಣ್ಣೆ, ಕಬ್ಬಿಣದ ಪುಡಿ. ಮೇಲೆ ಒದ್ದೆಯಾದ ತಂತಿಯಿಂದ ನೀ‌ಲಿ ಕಿಡಿಗಳು ಹಾರಿ, 1840ರಲ್ಲಿ ಷ್ಯೋನ್‌ಬೈನನು ವಾಸನೆಯಿಂದಲೇ ಗುರುತಿಸಿ ಹೆಸರಿಟ್ಟ ಓಜೋನಿನ ಚುಚ್ಚುವ ಎಳೆಯೊಂದು. ಬಾಗಿಲಲ್ಲಿದ್ದವರು ನೆನೆಯುತ್ತಾರೆ, ಒಳಗಿದ್ದವರು ‘ಬಾಗಿಲು ಮುಚ್ಚಿ’ ಎಂದು ಆ ಒಂದು ದಿನ ಮಾತ್ರ ಕೂಗುವುದಿಲ್ಲ.

ಮನೆಗೆ ಬಂದು ಕೈ ತೊಳೆಯುವ ಮುನ್ನ ಅಂಗೈಯನ್ನು ಮೂಸಿ ನೋಡುವುದು ನನ್ನ ಹಳೆಯ ಅಭ್ಯಾಸ. ದಿನವೆಲ್ಲ ಕಂಬಿ ಹಿಡಿದ ಕೈಗೆ ಬರುವ ಆ ‘ಕಬ್ಬಿಣದ ವಾಸನೆ’ ಕಬ್ಬಿಣದ್ದಲ್ಲ. ಲೋಹವು ಗಾಳಿಗೆ ಹಾರುವ ವಸ್ತುವೇ ಅಲ್ಲ. ಬೆವರಿಗೆ ಕರಗಿ ಬಂದ ಕಬ್ಬಿಣದ ಅಯಾನುಗಳು ಚರ್ಮದ ಮೇಲಿನ ಹಳಸಿದ ಜಿಡ್ಡನ್ನು ಒಡೆದು, 1-ಆಕ್ಟೀನ್-3-ಓನ್ ಮೊದಲಾದ ಅಣುಗಳನ್ನು ಹುಟ್ಟಿಸುತ್ತವೆಂದು 2006ರಲ್ಲಿ ಡೀಟ್ಮಾರ್ ಗ್ಲಿಂಡೆಮಾನ್ ಮತ್ತು ಸಂಗಡಿಗರು ತೋರಿಸಿದರು. ಎಂದರೆ ಅದು ನನ್ನದೇ ವಾಸನೆ. ಕಂಬಿಗೆ ನನಗಿಂತ ಮೊದಲು ಜೋತುಬಿದ್ದವರ ಜಿಡ್ಡೂ ಅದರಲ್ಲಿ ಸೇರಿರಬೇಕಾದುದರಿಂದ, ಬೊರಿವಲಿಯಿಂದ ದಾದರಿನವರೆಗಿನ ಎಲ್ಲರದೂ. ಇದನ್ನು ನಾನು ಮಗಳಿಗೆ ವಿವರಿಸತೊಡಗಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು, ‘ಅಪ್ಪಾ, ಅಂಗಿಯನ್ನು ಮೊದಲು ಬಾಲ್ದಿಗೆ ಹಾಕಿ, ಲೋಕಲಿನ ವಾಸನೆ ಬರ್ತಿದೆ’ ಎಂದಳು. ನಾನು ತೋಳನ್ನು ಮೂಗಿಗೆ ಹಿಡಿದು ಎಳೆದು ನೋಡಿದೆನು. ನನಗೇನೂ ಬರಲಿಲ್ಲ.